ಮುಳುಗಿದ ಮನೆಗಳಿಗೆ ಪಾವತಿ ಬರೆದವರು

ಇವತ್ತು ಮಾಡಿದ ಕೆಲಸಗಳು ಇಷ್ಟು. ಐದೂವರೆಗೆ ಎದ್ದು ಅಂಗಳ ಗುಡಿಸಿ ನೀರು ಚಿಮುಕಿಸಿದೆ. ನಳ ಬಂದಿತ್ತು, ಎರಡು ಬ್ಯಾರಲ್ಲು, ಆರು ಕೊಡ ತುಂಬಿದೆ. ಅತ್ತೆಗೆ ಚಹಾ ಮತ್ತು ಬಿ.ಪಿ. ಗುಳಿಗೆ ಕೊಟ್ಟು ಮೊಣಕಾಲಿಗೆ ಎಣ್ಣೆ ತಿಕ್ಕಿದೆ. ಗಿರಣಿಯಲ್ಲಿ ನಿನ್ನೆಯಿಂದ ಕೂತಿದ್ದ ಏಳು ಡಬ್ಬಿ ಜೋಳ ಬೀಸಿದೆವು. ಗೋಧಿ ತಂದವರಿಗೆ ಸಂಜೆ ಬರ್ರಿ ಎಂದು ಹೇಳಿ ಕಳಿಸಿದೆ. ಹತ್ತು ಗಂಟೆಗೆ ಪಂಚಾಯಿತಿಗೆ ಹೋಗಿ ಈ ವರ್ಷದ ಮನೆಪಟ್ಟಿ, ನೀರಿನ ಪಟ್ಟಿ ತುಂಬಿದೆ. ಅಲ್ಲಿಂದ ಬಸವನ ಬಾಗೇವಾಡಿಯ ಬಸ್ಸು ಹತ್ತಿ, ನಡುವೆ ಪಟ್ಟಿ ಕಾಕಾ ಅವರ ಊರಲ್ಲಿ ಇಳಿದೆ. ಅವರು ತೀರಿಕೊಂಡು ಇವತ್ತಿಗೆ ಐದು ದಿನ. ಮೂರು ಗಂಟೆಗೆ ತಿರುಗಿ ಬಂದು, ತಲೆಯ ಮೇಲೆ ನೀರು ಹಾಕಿಕೊಂಡು, ಹಸಿ ಕೂದಲಲ್ಲೇ ಗೋಧಿ ಬೀಸಲು ನಿಂತೆ. ಜೋಳ ಬೀಸಿದ ಕಲ್ಲಿಗೆ ಗೋಧಿ ಹಾಕುವ ಮೊದಲು ಬಡಿದು ಝಾಡಿಸಬೇಕು. ಇವತ್ತು ಅದನ್ನು ಎರಡು ಸಲ ಮಾಡಿದೆ, ಮೊದಲ ಸಲ ಮಾಡಿದ್ದು ನೆನಪಿಲ್ಲದೆ.

ನಮ್ಮ ಕಡೆ ತೆರಿಗೆಗೆ ಪಟ್ಟಿ ಅನ್ನುತ್ತೇವೆ. ಅದನ್ನು ವಸೂಲಿ ಮಾಡಲು ಪಂಚಾಯಿತಿಯಿಂದ ಮನೆಮನೆಗೆ ಬರುತ್ತಿದ್ದವರು ಅವರು. ಹೆಸರು ಎಲ್ಲರಿಗೂ ಗೊತ್ತಿತ್ತು, ಕರೆದವರು ಮಾತ್ರ ಯಾರೂ ಇಲ್ಲ. ಸಣ್ಣವರಿಂದ ದೊಡ್ಡವರತನಕ ಪಟ್ಟಿ ಕಾಕಾ.

ಅವರ ಎಡಭುಜ ಬಲಭುಜಕ್ಕಿಂತ ಎರಡು ಬೆರಳಿನಷ್ಟು ಕೆಳಗಿತ್ತು. ಇಪ್ಪತ್ತಾರು ವರ್ಷ ಆ ಭುಜಕ್ಕೆ ಒಂದು ಕಂದು ರೆಕ್ಸಿನ್ ಚೀಲ ಜೋತುಬಿದ್ದಿತ್ತು. ಪಾವತಿ, ಅಂದರೆ ರಸೀದಿ, ಬರೆದುಕೊಡುವ ಪುಸ್ತಕಗಳು, ಯಾರ ಮನೆಗೆ ಎಷ್ಟು ಎಂದು ಬರೆದ ದಪ್ಪ ರಜಿಸ್ಟರು, ಅಳತೆಯ ಟೇಪು, ರೊಟ್ಟಿಯ ಡಬ್ಬಿ ಎಲ್ಲ ಅದರೊಳಗೇ. ಚೀಲ ಇಳಿಸಿ ಕಟ್ಟೆಯ ಮೇಲೆ ಇಟ್ಟಾಗಲೂ ಭುಜ ಮೇಲೇರುತ್ತಿರಲಿಲ್ಲ. ಅವರ ಅಂಗಿ ಹೊಲಿಯುವವನು ಎಡತೋಳನ್ನು ಅಷ್ಟೇ ಗಿಡ್ಡ ಇಟ್ಟು ಹೊಲಿಯುತ್ತಾನಂತೆ. ಹಾಗೆಂದು ಅವರೇ ಹೇಳಿ ನಗುತ್ತಿದ್ದರು. ದೂರದಿಂದ ಬಿಸಿಲಲ್ಲಿ ಒಂದು ಕಡೆ ವಾಲಿಕೊಂಡು ಬರುವ ಆಕಾರ ಕಂಡರೆ ಓಣಿಯಲ್ಲಿ ನಾಲ್ಕು ಬಾಗಿಲು ತಾವಾಗಿಯೇ ಮುಚ್ಚಿಕೊಳ್ಳುತ್ತಿದ್ದವು.

ಮುಚ್ಚಿದ ಬಾಗಿಲಿಗೆ ಅವರು ಎರಡನೇ ಸಲ ಬಡಿದವರಲ್ಲ. ನಮ್ಮ ಎದುರು ಮನೆಯಾಕೆ ಒಮ್ಮೆ ಒಳಗಿನಿಂದಲೇ, "ಮನ್ಯಾಗ ಯಾರೂ ಇಲ್ರಿ" ಎಂದು ಕೂಗಿದಳು. ಕಾಕಾ ಕಟ್ಟೆಯ ಮೇಲೆ ಕೂತು ಚೀಲ ಬಿಚ್ಚಿದರು.

"ಹೌದೇನ್ರಿ? ಹಂಗಾರ ಅವ್ರು ಬಂದಮ್ಯಾಲ ಹೇಳ್ರಿ, ಕಾಕಾ ಬಂದಿದ್ದ ಅಂತ. ನಾ ಇಲ್ಲೇ ಉಣ್ಣಾಕತ್ತೇನಿ."

ಅವರು ಒಂದೂವರೆ ರೊಟ್ಟಿ ತಿನ್ನುವಷ್ಟರಲ್ಲಿ ಬಾಗಿಲು ತೆರೆಯಿತು. ಆಕೆ ಪಟ್ಟಿಯ ಜೊತೆಗೆ ಒಂದು ಬಟ್ಟಲು ಮಜ್ಜಿಗೆಯನ್ನೂ ತಂದಿದ್ದಳು.

ಅವರಿಗೊಂದು ರೂಢಿ ಇತ್ತು. ಯಾವ ಮನೆಗೆ ಹೋದರೂ ಮೊದಲು ಒಂದು ತಂಬಿಗೆ ನೀರು ಕೇಳುತ್ತಿದ್ದರು. ಕೊಡದಲ್ಲಿ ತಿಳಿಯಾಗಿದ್ದ ನೀರು ಕೊಟ್ಟರೆ ಬೇಡ ಅನ್ನುತ್ತಿದ್ದರು. ಇವತ್ತು ನಳದಲ್ಲಿ ಬಂದ ನೀರೇ ಬೇಕು. ಬೆಳಕಿಗೆ ಹಿಡಿದು ನೋಡಿ, ಮೂಸಿ, ಒಂದು ಗುಟುಕು ಬಾಯಲ್ಲಿ ಹೊರಳಿಸಿ ನುಂಗುವರು. ಕೆಸರು ವಾಸನೆ ಬಂದರೆ ಅಥವಾ ನಳ ಮೂರು ದಿನದಿಂದ ಬಂದಿಲ್ಲ ಎಂದು ಗೊತ್ತಾದರೆ, ಆ ದಿನ ನೀರಿನ ಪಟ್ಟಿ ಕೇಳುತ್ತಿರಲಿಲ್ಲ. ನೇರ ನೀರು ಬಿಡುವವನ ಮನೆಗೆ ಹೋಗಿ ಅವನನ್ನು ಎಬ್ಬಿಸಿ, ವಾಲ್ವು ತಿರುಗಿಸಿ, ಮರುದಿನ ಮತ್ತೆ ಬಂದು ತಂಬಿಗೆ ಕೇಳುವರು. ಪಂಚಾಯಿತಿಯಲ್ಲಿ ಇದಕ್ಕಾಗಿ ಅವರನ್ನು ಬೈಯುತ್ತಿದ್ದರು. ವಸೂಲಿ ಮಾಡಲು ಇಟ್ಟುಕೊಂಡರೆ ಇವರು ಊರ ನೀರು ಕುಡಿದು ನೋಡುತ್ತ ತಿರುಗುತ್ತಾರೆ ಎಂದು.

ಪಾವತಿಯಲ್ಲಿ ಸಣ್ಣ ಅಕ್ಷರದಲ್ಲಿ ಏನೇನೋ ಕರಗಳು ಇರುತ್ತವೆ: ಗ್ರಂಥಾಲಯದ್ದು, ಆರೋಗ್ಯದ್ದು, ಭಿಕ್ಷುಕರದ್ದು. ಕೇಳಿದವರಿಗೆ ಒಂದೊಂದನ್ನೂ ಓದಿ ಹೇಳುತ್ತಿದ್ದರು. ಅತ್ತೆಗೆ ಆ ಭಿಕ್ಷುಕರ ಕರ ಬಂದಾಗ ಮಾತ್ರ ತಡೆಯಲಾಗುತ್ತಿರಲಿಲ್ಲ.

"ಅಲ್ಲೋ ತಮ್ಮಾ, ವರ್ಷಾ ಹಿಂಗ ಒಯ್ದು ಒಯ್ದು ನನ್ನ ಭಿಕ್ಷಾಕ ಹಚ್ಚತಿ. ಆಮ್ಯಾಲ ಈ ರೊಕ್ಕ ನನಗ ತಿರುಗಿ ಕೊಡ್ತೀಯೇನು?"

"ಕೊಡ್ತೇನಿ ಬೇ ಯವ್ವಾ. ಪಾವತಿ ಜ್ವಾಕಿ ಇಟ್ಕೋ."

ಅತ್ತೆ ಜೋಪಾನವಾಗಿಯೇ ಇಟ್ಟಿದ್ದರು. ದೇವರ ಮನೆಯ ಮಾಡದಲ್ಲಿ, ವಿಭೂತಿ ಗಟ್ಟಿಯ ಹಿಂದೆ, ಒಂದು ತಗಡಿನ ಡಬ್ಬಿಯ ತುಂಬ ಅವರ ಮಾವನ ಕಾಲದಿಂದ ಬಂದ ಪಾವತಿಗಳಿದ್ದವು. ಓದಲು ಬರದ ಹೆಂಗಸು ಅವುಗಳ ಬಣ್ಣದಿಂದಲೇ ಯಾವ ಕಾಲದ್ದು ಎಂದು ಹೇಳುತ್ತಿದ್ದರು.

ನನಗೆ ಒಂದು ಮಾತು ಚೆನ್ನಾಗಿ ನೆನಪಿದೆ. ಒಂದು ಮಾರ್ಚ್ ತಿಂಗಳು ಗಿರಣಿಯ ಮುಂದೆ ಹೆಂಗಸರೆಲ್ಲ ಸೇರಿ ಕಾಕಾನ ಮೇಲೆ ಬಿದ್ದಿದ್ದರು. ಬಡವರ ಮನೆಗೆ ಬರ್ತೀರಿ, ನಮಗ್ಯಾಕ ಪಟ್ಟಿ ಎಂದು. ಅವರು ಒಬ್ಬಾಕೆಯ ಬುಟ್ಟಿಯಲ್ಲಿದ್ದ ಸಾಬೂನನ್ನು ಎತ್ತಿ ಹಿಡಿದರು. "ಇದನ್ನ ತಗೊಂಡೀರಲ್ಲ, ಇದರಾಗ ಪಟ್ಟಿ ತುಂಬೀರಿ. ಅಂಗಡಿಯಾಂವ ಕೇಳಿಲ್ಲ, ನಿಮಗ ಗೊತ್ತಾಗಿಲ್ಲ. ಮೂರು ಮಜಲಿನ ಮನಿಯಾಂವನೂ ಇದಕ್ಕ ಇಷ್ಟ ಕೊಡ್ತಾನ, ನೀವೂ ಇಷ್ಟ ಕೊಡ್ತೀರಿ. ಅದು ಯಾರಿಗೂ ಕಾಣಂಗಿಲ್ಲ. ನಾ ಒಬ್ಬ ಕಾಣತೇನಿ. ಅದಕ್ಕ ಬೈಗಳೆಲ್ಲಾ ನನಗ." ಹೆಂಗಸರು ನಕ್ಕರು. ಆದರೆ ಆ ಮೇಲೆ ಬಹಳ ದಿನ ನಾನು ಸಾಬೂನು ಕೊಳ್ಳುವಾಗ ಅದನ್ನು ತಿರುಗಿಸಿ ಹಿಂಬದಿ ನೋಡುತ್ತಿದ್ದೆ.

ಮೂರು ಮಜಲಿನ ಮನೆ ಅಂದದ್ದು ಸುಮ್ಮನೆ ಅಲ್ಲ. ನಮ್ಮೂರಲ್ಲಿ ಅಂಥದು ಒಂದೇ ಇತ್ತು, ಕಾಂಟ್ರ್ಯಾಕ್ಟರನದು. ರಜಿಸ್ಟರಿನಲ್ಲಿ ಅದು ಇನ್ನೂ ಕಡಿಮೆ ಪಟ್ಟಿಯ, ಮಣ್ಣಿನ ಮಾಳಿಗೆಯ ಮನೆ. ಕಾಕಾ ಮೂರು ಸಲ ಟೇಪು ಹಿಡಿದು ಹೋಗಿ ಮೂರು ಸಲ ಬೈಸಿಕೊಂಡು ಬಂದರು. ಆತನ ಮನೆಯ ಮುಂದೆಯೇ ಊರಿಗೆಲ್ಲ ಮೊದಲು ಸಿಮೆಂಟಿನ ರಸ್ತೆ ಆಯಿತು. ಒಬ್ಬರು ಪಟ್ಟಿ ಬಿಟ್ಟರೆ ಅದು ಇನ್ನೊಬ್ಬರ ತಲೆಯ ಮೇಲೆ ಬರುತ್ತದೆ, ಬರದೆ ಎಲ್ಲಿಗೂ ಹೋಗುವುದಿಲ್ಲ ಎಂದು ಅವರು ಹೇಳುತ್ತಿದ್ದರು. ಸಿಟ್ಟಿನಿಂದ ಅಲ್ಲ. ಜ್ವರ ಬಂದವರು ಜ್ವರ ಬಂದಿದೆ ಅನ್ನುವ ಹಾಗೆ.

ಇನ್ನು ನಮ್ಮ ಮನೆಯ ವಿಷಯ. ನಾನು ಸೊಸೆಯಾಗಿ ಬಂದದ್ದು ನಿಡಗುಂದಿಯ ಆಚೆ, ಹೊಳೆಯ ದಂಡೆಯ ಊರಿಗೆ. ಬಂದ ಮೂರನೇ ವರ್ಷ ಆಣೆಕಟ್ಟಿನ ಹಿನ್ನೀರು ಏರಿ ಊರಿನ ಕೆಳಗಿನ ಓಣಿಗಳು ಮುಳುಗಿದವು. ಮೇಲಿನ ಊರು ಉಳಿಯಿತು. ಕೆಳಗಿನ ನಲವತ್ತೊಂದು ಮನೆಯವರಿಗೆ ಒಂದೂವರೆ ಮೈಲು ಮೇಲೆ, ಕಲ್ಲು ಭೂಮಿಯಲ್ಲಿ ಪ್ಲಾಟು ಕೊಟ್ಟರು. ನಾವು ತಗಡು ಹೊದಿಸಿಕೊಂಡು ಬಂದೆವು, ಆಮೇಲೆ ಗೋಡೆ ಎಬ್ಬಿಸಿದೆವು. ಆದರೆ ಪ್ಲಾಟು ಹಂಚಿದ ಆಫೀಸಿನವರು ಅವನ್ನು ಪಂಚಾಯಿತಿಗೆ ಬರೆದುಕೊಡಲೇ ಇಲ್ಲ. ಬರೆದುಕೊಡದೆ ಮನೆಗೆ ನಂಬರಿಲ್ಲ, ನಂಬರಿಲ್ಲದೆ ಪಟ್ಟಿ ಇಲ್ಲ.

ಪಟ್ಟಿ ಇಲ್ಲದಿದ್ದರೆ ಒಳ್ಳೆಯದೇ ಆಯಿತಲ್ಲ ಎಂದು ಮೊದಮೊದಲು ನಾವೂ ಅಂದುಕೊಂಡೆವು. ಆರು ತಿಂಗಳಲ್ಲಿ ಗೊತ್ತಾಯಿತು. ಲೈಟಿನ ಮೀಟರಿಗೆ ಪಟ್ಟಿಯ ಪಾವತಿ ತಾ ಅಂದರು. ರೇಶನ್ ಕಾರ್ಡಿಗೆ ಅದೇ, ಸಾಲಕ್ಕೆ ಅದೇ, ಮಕ್ಕಳು ಇದೇ ಊರವರು ಅನ್ನುವ ರಹವಾಸಿ ದಾಖಲೆಗೆ ಅದೇ. ಪಟ್ಟಿ ಕಟ್ಟದವನು ಎಲ್ಲಿಯೂ ಇಲ್ಲ. ನಮ್ಮ ಮನೆಯವರು ಇದ್ದ ಬಂಗಾರ ಮಾರಿ ಗಿರಣಿ ತಂದಿಟ್ಟಿದ್ದರು. ಕಲ್ಲು, ಮೋಟರು, ಬೆಲ್ಟು ಎಲ್ಲ ಇತ್ತು, ಕರೆಂಟಿಲ್ಲ. ಎಂಟು ತಿಂಗಳು ಅದರ ಮೇಲೆ ಗೋಣಿಚೀಲ ಹೊದಿಸಿ ಇಟ್ಟಿದ್ದೆವು. ಆಗ ನಾನು ಬಸುರಿ.

ಆ ವರ್ಷ ಕಾಕಾ ಪಟ್ಟಿ ವಸೂಲಿಗಲ್ಲ, ಹೇಗಿದ್ದೀರಿ ಎಂದು ನೋಡಲು ಪ್ಲಾಟಿಗೆ ಬಂದಿದ್ದರು. ಅತ್ತೆ ತಗಡಿನ ಡಬ್ಬಿ ತಂದು ಅವರ ಮುಂದೆ ಇಟ್ಟರು.

"ನನ್ನ ಮನಿ ನೀರಾಗ ಐತಿ. ಇಲ್ಲ ಅಂತ ಯಾರೂ ಬರಕೊಟ್ಟಿಲ್ಲಲ್ಲ? ನಿನ್ನ ರಜಿಸ್ಟರದಾಗ ಐತೇನು?"

ಇದೆ ಎಂದರು ಕಾಕಾ. ನಂಬರು ಹಾಗೇ ಇದೆ.

"ಮತ್ತ ಪಟ್ಟಿ ತಗೋ. ಬರಿ ಪಾವತಿ."

ಅವರು ಆ ದಿನ ಬರೆಯಲಿಲ್ಲ. ನೀರು ಕುಡಿದು ಎದ್ದು ಹೋದರು. ಮರುದಿನ ಬೆಳಿಗ್ಗೆ, ನಾನಿನ್ನೂ ಒಲೆ ಹಚ್ಚಿರಲಿಲ್ಲ, ಬಂದು ಕಟ್ಟೆಯ ಮೇಲೆ ಕೂತು ಕಾರ್ಬನ್ನು ಇಟ್ಟು, ಮುಳುಗಿದ ಮನೆಯ ನಂಬರಿಗೆ ಪಾವತಿ ಬರೆದು ಹರಿದುಕೊಟ್ಟರು. ರೊಕ್ಕ ಎಣಿಸಿಕೊಂಡು, ಅದೇ ದಿನ ಪಂಚಾಯಿತಿಯ ಖಾತೆಗೆ ತುಂಬಿದರು. ಆ ಪಾವತಿಯ ಮೇಲೆ ನಮಗೆ ಮೀಟರು ಬಂತು. ಗಿರಣಿ ತಿರುಗಿತು. ತಿಂಗಳೊಪ್ಪತ್ತಿನಲ್ಲಿ ನಲವತ್ತೊಂದು ಮನೆಯವರೂ ಹಾಗೇ ಪಾವತಿ ಮಾಡಿಸಿದರು. ಆಮೇಲೆ ಪ್ರತಿ ವರ್ಷ ಅವರು ಬರುವುದು, ನಾವು ಇಲ್ಲಿ ಕೂತು ಅಲ್ಲಿಯ ಮನೆಗೆ ಪಟ್ಟಿ ತುಂಬುವುದು. ಯಾರಿಗೂ ಅದು ತಪ್ಪು ಅನ್ನಿಸಲಿಲ್ಲ. ಮಳೆಗಾಲಕ್ಕೆ ಮೊದಲು ಮಾಳಿಗೆ ಸರಿಮಾಡಿಕೊಂಡಷ್ಟೇ ಸಹಜವಾಗಿತ್ತು. ಬೇರೆ ಊರಿನವರಿಗೆ ಹೇಳಿದರೆ ಹುಚ್ಚರು ಅನ್ನುತ್ತಿದ್ದರೇನೋ. ಕಾಕಾ ಮಾತ್ರ ಪಾವತಿ ಹರಿಯುವಾಗ ಒಮ್ಮೊಮ್ಮೆ ಹೇಳುತ್ತಿದ್ದರು: "ಮೀನಿಗೆ ಪಟ್ಟಿ ಹಾಕಿದಾಂವ ಈ ಮುಲಕದಾಗ ನಾ ಒಬ್ನ."

ಅವರು ಇನ್ನೊಂದು ಕೆಲಸ ಮಾಡಿದರು. ಪ್ಲಾಟಿನ ಒಂದೊಂದು ಹೊಸ ಮನೆಯನ್ನೂ ಟೇಪು ಹಿಡಿದು ಅಳೆದು, ಇನ್ನೂರು ಪುಟದ ಶಾಲೆಯ ನೋಟ್‌ಬುಕ್ಕಿನಲ್ಲಿ ಉದ್ದ, ಅಗಲ, ಗೋಡೆ ಯಾವುದು, ಮಾಳಿಗೆ ಯಾವುದು ಎಂದು ಬರೆದಿಟ್ಟರು. ಎಂದಾದರೂ ಪ್ಲಾಟುಗಳು ಪಂಚಾಯಿತಿಗೆ ಬಂದರೆ ಜನ ಮತ್ತೆ ಕಾಯಬಾರದು, ಅದೇ ದಿನ ನಂಬರು ಕೊಡಬೇಕು ಎಂಬುದು ಅವರ ಹಟ. ನಮ್ಮ ಗಿರಣಿ ಅಳೆಯುವಾಗ ಇವರು, ಅಂದರೆ ನಮ್ಮ ಮನೆಯವರು, ಟೇಪಿನ ಇನ್ನೊಂದು ತುದಿ ಹಿಡಿದುಕೊಂಡೇ ಮೆಲ್ಲಗೆ ಹೇಳಿದರು: ಇದನ್ನು ದನದ ಕೊಟ್ಟಿಗೆ ಅಂತ ಬರೀರಿ ಕಾಕಾ, ಗಿರಣಿ ಅಂದರೆ ಧಂದೆ, ಪಟ್ಟಿ ಜಾಸ್ತಿ.

"ಬರೀತೇನಿ ಮಾಲಕರ. ನಾಳೆ ಬ್ಯಾಂಕಿನಾಂವ ಬಂದು ದನಾ ಎಲ್ಲಿ ಅದಾವ ಅಂದ್ರ ಯಾರನ್ನ ತೋರಸ್ತೀರಿ, ನನ್ನ?"

ಇವರು ಟೇಪು ಬಿಗಿಯಾಗಿ ಹಿಡಿದರು. ಗಿರಣಿ ಎಂದೇ ಬರೆದಾಯಿತು.

ಹೀಗೆ ಬಹಳ ವರ್ಷ ನಡೆಯಿತು. ನನ್ನ ಮಗಳು ಹುಟ್ಟಿ, ಓದಿ, ಮುದ್ದೇಬಿಹಾಳದ ಮನೆಗೆ ಸೊಸೆಯಾಗಿ ಹೋಗುವಷ್ಟು ವರ್ಷ. ಕಾಕಾ ಮಾತ್ರ ಇನ್ನೂ ಕಾಯಂ ಆಗಿರಲಿಲ್ಲ. ವಸೂಲಿಗಾರರಿಗೆ ಕೈಗೆ ಬರುವುದು ಬಹಳ ಕಡಿಮೆ, ಅದೂ ನಾಲ್ಕು ತಿಂಗಳಿಗೊಮ್ಮೆ. ಹಿರಿತನದ ಮೇಲೆ ಕಾಯಂ ಮಾಡುವ ಕಾಗದ ಅಂತೂ ಹೊರಟಿದೆ ಎಂದು ಸುದ್ದಿ ಬಂದ ವರ್ಷವೇ ಎಲ್ಲ ಮನೆಗಳನ್ನೂ ಕಂಪ್ಯೂಟರಿಗೆ ಏರಿಸಬೇಕೆಂಬ ಆದೇಶ ಬಂತು. ರಜಿಸ್ಟರಿನ ಪ್ರತಿ ನಂಬರಿನ ಮುಂದೆ ಆ ಮನೆಯ ಫೋಟೋ ಬೇಕು. ಮನೆಯ ಎದುರು ನಿಂತೇ ತೆಗೆಯಬೇಕು, ಫೋನೇ ಜಾಗ ಹೇಳುತ್ತದೆ.

ನೀರಿನಡಿಯ ನಲವತ್ತೊಂದು ಮನೆಗಳ ಎದುರು ನಿಲ್ಲುವುದು ಹೇಗೆ? ಹೊಸದಾಗಿ ಬಂದಿದ್ದ ಪಂಚಾಯಿತಿಯ ಅಧಿಕಾರಿ ಕೇಳಿದಾಗ ಕಾಕಾ ಸುತ್ತಿಬಳಸದೆ ಎಲ್ಲ ಹೇಳಿದರು. ನೋಟ್‌ಬುಕ್ಕು ತೆಗೆದು ಕೊಟ್ಟರು. ಆ ಅಧಿಕಾರಿ ಕೆಟ್ಟವರೇನಲ್ಲ, ಹೆದರಿದವರು. ಮೇಲಕ್ಕೆ ಬರೆದರು. ಮೇಲಿನಿಂದ ವಿಚಾರಣೆ ಬಂತು. ಇಲ್ಲದ ಮನೆಗೆ ಪಟ್ಟಿ ತೆಗೆದುಕೊಂಡದ್ದು ಒಂದು, ಇದ್ದ ಮನೆಗೆ ತೆಗೆದುಕೊಳ್ಳದೆ ನಷ್ಟ ಮಾಡಿದ್ದು ಇನ್ನೊಂದು. ಎರಡೂ ಕಾಕಾನ ತಲೆಗೆ. ನೋಟ್‌ಬುಕ್ಕು ಅವರಿಗೆ ಎಲ್ಲ ಗೊತ್ತಿತ್ತು ಎಂಬುದಕ್ಕೆ ಸಾಕ್ಷಿಯಾಯಿತು.

ನಮ್ಮನ್ನೂ ಕರೆದರು. ಅಧಿಕಾರಿ ತಿಳಿಸಿ ಹೇಳಿದರು. ಮನೆ ಮುಳುಗಿದೆ ಎಂದು ಗೊತ್ತಿದ್ದೂ ನೀವೇ ಪಾವತಿ ಮಾಡಿಸಿ ಮೀಟರು, ಸಾಲ ತೆಗೆದುಕೊಂಡಿದ್ದೀರಿ ಎಂದಾದರೆ ನಿಮ್ಮೆಲ್ಲರ ಮೇಲೂ ವಿಚಾರಣೆ. ಅದು ಮುಗಿಯುವತನಕ ಹೊಸ ನಂಬರು ಕೊಡಲು ಬರುವುದಿಲ್ಲ, ಮೀಟರೂ ನಿಲ್ಲಬಹುದು. ಅದೇ, ವಸೂಲಿಗಾರ ಯಾವ ನಂಬರು ಬರೆಯುತ್ತಿದ್ದ ಎಂಬುದು ನಮಗೆ ತಿಳಿದಿರಲಿಲ್ಲ, ಕೇಳಿದಷ್ಟು ಕೊಟ್ಟೆವು ಎಂದು ಬರೆದುಕೊಟ್ಟರೆ ನೀವು ನಿರ್ದೋಷಿಗಳು. ಪ್ಲಾಟುಗಳು ಈಗ ಪಂಚಾಯಿತಿಗೆ ಬಂದಿವೆ, ಎರಡು ತಿಂಗಳಲ್ಲಿ ಎಲ್ಲರಿಗೂ ಮನೆಯ ಖಾತೆ.

ಒಂದು ವಾರ ಪ್ಲಾಟಿನಲ್ಲಿ ಯಾರೂ ಯಾರ ಮುಖವನ್ನೂ ಸರಿಯಾಗಿ ನೋಡಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಕಾಕಾ ಗಿರಣಿಗೆ ಬಂದರು. ಭುಜದಲ್ಲಿ ಚೀಲ ಇರಲಿಲ್ಲ, ಪಂಚಾಯಿತಿಯವರು ಇಟ್ಟುಕೊಂಡಿದ್ದರು. ಮೋಟರು ಬಂದ್ ಮಾಡ್ರಿ ಎಂದು ಕೈ ಸನ್ನೆ ಮಾಡಿದರು. ಬೆಲ್ಟು ನಿಲ್ಲುವತನಕ ಕಾದರು.

"ಬರದ ಕೊಡ್ರಿ. ಗೊತ್ತಿದ್ದಿಲ್ಲ ಅಂತ ಬರೀರಿ. ನೀವು ಮೊದಲ ಬರದ್ರ ಉಳಿದವ್ರು ಬರೀತಾರ. ನಲವತ್ತೊಂದು ಮನಿ ದಾಖಲೆಕ್ಕ ಬರ್ತಾವು ಮಾಲಕರ. ಇಷ್ಟ ವರ್ಷ ನಾ ಮಾಡಿದ್ದು ಅದಕ್ಕ ಅಲ್ಲೇನು?"

ಇವರು ಬೆಲ್ಟಿನ ಮೇಲಿನ ಹಿಟ್ಟು ಒರೆಸತೊಡಗಿದರು. ನಾನೇ, "ನಿಮ್ಮ ಗತಿ ಏನ್ರಿ ಕಾಕಾ?" ಎಂದೆ.

"ನಾ ಏನು ರೊಕ್ಕಾ ತಿಂದೇನಿ? ಎಲ್ಲಾ ಖಾತೆದಾಗ ಐತಿ. ಭಾಳ ಆದ್ರ ಕೆಲಸದಿಂದ ತಗೀತಾರ." ಅದನ್ನು ಅವರು ಹಗುರವಾಗಿ ಹೇಳಲು ನೋಡಿದರು. ಬರಲಿಲ್ಲ. ತಂಬಿಗೆ ನೀರು ಕೊಟ್ಟೆ, ಈ ಸಲ ಬೆಳಕಿಗೆ ಹಿಡಿಯದೆ ಕುಡಿದರು.

ಮನೆ ಅತ್ತೆಯ ಹೆಸರಲ್ಲಿದೆ. ಹೇಳಿಕೆಗೆ ಅವರ ಹೆಬ್ಬೆಟ್ಟು ಬೇಕು. ಪಂಚಾಯಿತಿಯ ಜವಾನ ಕಾಗದ, ಶಾಯಿಯ ಪ್ಯಾಡು ತೆಗೆದುಕೊಂಡು ಮನೆಗೇ ಬಂದ. ಅತ್ತೆ ಓದಿಸಿ ಕೇಳಿದರು. ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡರು.

"ನಾ ಕೇಳೇನಿ, ಅಂವ ಬರದಾನ. ಇದರಾಗ ಗೊತ್ತಿಲ್ಲ ಅಂತ ಐತಿ. ನಾ ಒತ್ತಂಗಿಲ್ಲ."

ಇವರು ಎದ್ದು ಹೊರಗೆ ಹೋದರು. ಉಳಿದವಳು ನಾನು. ಗಿರಣಿ ನಿಂತರೆ ಏನಾಗುತ್ತದೆ ಎಂದು ಹೇಳಿದೆ, ಮಗಳ ಮದುವೆಯ ಸಾಲ ನೆನಪಿಸಿದೆ, ಕಾಕಾ ತಾವೇ ಬಂದು ಹೇಳಿ ಹೋಗಿದ್ದಾರೆ ಎಂದೆ. ಅರ್ಧ ತಾಸು ಆಯಿತು. ಜವಾನ ಗಡಿಯಾರ ನೋಡಿದ. ಆಗ ನಾನು ಸೆರಗಿನೊಳಗಿಂದ ಅತ್ತೆಯ ಕೈ ತೆಗೆದೆ. ಅವರು ಎಳೆದುಕೊಳ್ಳಲಿಲ್ಲ, ಸಡಿಲ ಬಿಟ್ಟರು. ಅದೇ ಕೆಟ್ಟದ್ದು. ಪ್ಯಾಡಿಗೆ ಒತ್ತಿ ಕಾಗದಕ್ಕೆ ಒತ್ತಿದೆ. ಎಂಬತ್ತರ ಹೆಬ್ಬೆರಳು, ಗೆರೆಗಳೆಲ್ಲ ಸವೆದು ಒಂದು ಕಪ್ಪು ಗುಂಡು ಮಚ್ಚೆ ಬಿತ್ತು.

"ಹೆಬ್ಬಟ್ಟ ನೀ ಒತ್ತಿದಿ" ಎಂದರು ಅತ್ತೆ. "ಬಾಯಿ ನಂದೈತಿ." ಆದರೆ ಆ ಬಾಯಿಯಿಂದ ಆ ವಿಷಯ ಆಮೇಲೆ ಒಂದು ಮಾತೂ ಬರಲಿಲ್ಲ.

ನಮ್ಮದು ಮೊದಲ ಹೇಳಿಕೆ. ಹದಿನೈದು ದಿನದಲ್ಲಿ ನಲವತ್ತೊಂದೂ ಆದವು. ಹೊಸ ಖಾತೆಗಳು ಎರಡು ತಿಂಗಳಿಗೂ ಮೊದಲೇ ಬಂದವು. ಅಳತೆಗೆ ಯಾರೂ ಬರಲಿಲ್ಲ, ಆ ನೋಟ್‌ಬುಕ್ಕಿನಿಂದಲೇ ಏರಿಸಿದರಂತೆ. ಕಾಕಾನನ್ನು ಕೆಲಸದಿಂದ ತೆಗೆದರು. ಕಾಯಂ ಆಗುವ ಕಾಗದ ಅಲ್ಲಿಗೆ ನಿಂತಿತು.

ಅವರು ನಿಡಗುಂದಿಯ ಬಸ್‌ಸ್ಟ್ಯಾಂಡಿನ ಹತ್ತಿರ ಮೋಟರ್‌ಸೈಕಲ್ ನಿಲ್ಲಿಸುವ ಜಾಗದಲ್ಲಿ ಚೀಟಿ ಹರಿಯುವ ಕೆಲಸ ಹಿಡಿದರು. ಒಮ್ಮೆ ನಾವಿಬ್ಬರೂ ಗಾಡಿ ನಿಲ್ಲಿಸಲು ಹೋದಾಗ ಮೊದಲು ನಮಗೇ ಗೊತ್ತಾಗಲಿಲ್ಲ. ಸ್ಟೂಲಿನ ಮೇಲೆ ವಾಲಿ ಕೂತಿದ್ದರು. ಇವರು ನೂರರ ನೋಟು ಕೊಟ್ಟು ಇರಲಿ ಬಿಡ್ರಿ ಎಂದರು. ಕಾಕಾ ಚೀಟಿ ಹರಿದು, ಚಿಲ್ಲರೆಯನ್ನು ಪೂರ್ತಿ ಎಣಿಸಿ ಇವರ ಅಂಗೈಯಲ್ಲಿ ಇಟ್ಟರು. ಅತ್ತೆ ಹೇಗಿದ್ದಾರೆ ಎಂದು ಕೇಳಿದರು. ಆಮೇಲೆ, "ಖಾತೆ ಉತಾರದ ನಕಲು ತಗದು ನೋಡೀರೇನು ತಂಗಿ? ಗಿರಣಿ ಹದಿನೆಂಟು ಫೂಟ ಐತಿ, ಒಂದ ಫೂಟ ಜಾಸ್ತಿ ಬಿದ್ದಿದ್ರ ಅರ್ಜಿ ಕೊಡ್ರಿ" ಎಂದರು. ಗಾಡಿಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ನಾವು ಬದಿಗೆ ಸರಿದೆವು. ಅದೇ ಕೊನೆಯ ಭೇಟಿ. ಹೋದ ವಾರ ಆ ಸ್ಟೂಲಿನ ಮೇಲೆಯೇ ಎದೆ ನೋವು ಬಂದು, ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಹೋದರು.

ಇವತ್ತು ಅವರ ಮನೆಯಲ್ಲಿ ಕಾಕು, ಅಂದರೆ ಅವರ ಹೆಂಡತಿ, ನನ್ನನ್ನು ಒಳಮನೆಗೆ ಕರೆದುಕೊಂಡು ಹೋದರು. ಚಾಪೆಯ ಮೇಲೆ ಕೂತೆವು. ಅವರಿಗೆ ರೊಕ್ಕ ಬೇಕಾಗಿರಲಿಲ್ಲ, ನಾನು ಒಯ್ದ ಅಕ್ಕಿ, ಸಕ್ಕರೆಯ ಚೀಲವನ್ನೂ ನೋಡಲಿಲ್ಲ.

"ಒಂದು ಕೇಳ್ತೇನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಇಂಡಿ ಊರಾಗ ಮಗಳನ್ನ ಕೊಟ್ಟೇವಲ್ಲ, ಅಲ್ಲಿ ಬೀಗರು ಎದುರಿಗೇ ಅಂತಾರ. ನಿಮ್ಮಪ್ಪ ಜನರ ಪಟ್ಟಿ ರೊಕ್ಕಾ ತಿಂದ ಹೊರಗ ಬಿದ್ದಾಂವ ಅಂತ. ನೀವು ಬರದ ಕೊಟ್ಟಿದ್ದನ್ನ ಯಾರೋ ಫೋನಿನ್ಯಾಗ ತೋರಿಸ್ಯಾರ. ಅದು ಖರೇ ಏನ್ರಿ?"

ನಾನು ತಲೆ ತಗ್ಗಿಸಿದೆ. ಸುಳ್ಳು ಎಂದೆ. ನಮಗೆ ಮೊದಲಿನಿಂದ ಎಲ್ಲ ಗೊತ್ತಿತ್ತು, ನಾವೇ ಕೇಳಿದ್ದೆವು ಎಂದೆ. ಕಾಕು ಬೈಯಲಿಲ್ಲ, ಅಳಲಿಲ್ಲ. ನೇರ ನನ್ನ ಕಡೆ ತಿರುಗಿ ಕೂತರು.

"ಹಂಗಾರ ಅದನ್ನೂ ಹಾಳ್ಯಾಗ ಬರದ ಕೊಡ್ರಿ. ಬಾಯಿಮಾತು ನನ್ನ ಮಗಳು ಯಾರಿಗೆ ತೋರಸ್ಬೇಕು?"

ಸಂಜೆ ಗೋಧಿ ಮುಗಿದ ಮೇಲೆ ಅಡುಗೆಮನೆಯಲ್ಲಿ ಕೂತು ಬರೆದೆ. ನಾಲ್ಕೇ ಸಾಲು. ಮನೆ ಮುಳುಗಿದೆ ಎಂದು ತಿಳಿದೇ ಪಾವತಿ ಕೇಳಿದವರು ನಾವು. ಅವರು ಬರೆದದ್ದು ನಮಗಾಗಿ. ಪಾವತಿಯಲ್ಲಿ ಬರೆದದ್ದಕ್ಕಿಂತ ಒಂದು ಪೈಸೆ ಹೆಚ್ಚು ತೆಗೆದುಕೊಂಡಿಲ್ಲ. ಮೊದಲು ಕೊಟ್ಟ ಹೇಳಿಕೆ ಸುಳ್ಳು. ಕೆಳಗೆ ನನ್ನ ಸಹಿ ಹಾಕಿದೆ. ಇವರು ಓದಿ ಕಾಗದವನ್ನು ಹಿಟ್ಟಿನ ಕೈಯಲ್ಲೇ ಹಿಡಿದು ನಿಂತರು.

"ಇದನ್ನೂ ಯಾರೋ ಫೋನಿನ್ಯಾಗ ಹಿಡೀತಾರ. ತಿರುಗಿ ಪಂಚಾಯ್ತಿಗೆ ಬರತೈತಿ. ಖಾತೆ ಹೋದ್ರ? ಮೀಟರ್ ಹೋದ್ರ? ಉಳಿದ ನಲವತ್ತು ಮನಿಯವ್ರು ನಮ್ಮನ್ನ ಬಿಡ್ತಾರೇನು?"

ಅವರು ಹೇಳಿದ್ದರಲ್ಲಿ ಒಂದೂ ಸುಳ್ಳಲ್ಲ. ನಾನು ಕಾಗದವನ್ನು ಅವರ ಕೈಯಿಂದ ತೆಗೆದುಕೊಂಡೆ. ಅತ್ತೆ ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದರೆಂದು ಕಾಣುತ್ತದೆ. ಕೋಲು ಊರಿಕೊಂಡು ಬಂದು ಏನು ಬರೆದಿದೆ ಓದು ಎಂದರು. ಓದಿದೆ. ಇನ್ನೊಮ್ಮೆ ಓದು ಎಂದರು. ಮನೆಯಲ್ಲಿ ಶಾಯಿ ಪ್ಯಾಡು ಇರಲಿಲ್ಲ. ಅತ್ತೆ ತಾವೇ ಬಗ್ಗಿ, ಹಂಚಿನ ಅಡಿಗೆ ಹೆಬ್ಬೆರಳು ತಿಕ್ಕಿ, ಮಸಿ ಹಿಡಿದಿದೆಯೋ ಇಲ್ಲವೋ ಬೆಳಕಿಗೆ ನೋಡಿಕೊಂಡು, ನನ್ನ ಸಹಿಯ ಪಕ್ಕ ಒತ್ತಿದರು. ನಾನು ಕೈ ಹಿಡಿಯಲು ಹೋದೆ, ಸರಿಸಿದರು. ಇವರ ಸಹಿಗೂ ಒಂದಿಷ್ಟು ಜಾಗ ಬಿಟ್ಟು ಕಾಗದ ಮಡಿಸಿದೆ. ನಾಳೆ ಎಂಟರ ಬಸ್ಸಿಗೆ ಒಯ್ದು ಕೊಡುತ್ತೇನೆ, ಆ ಜಾಗ ತುಂಬಿದರೂ ಸರಿ, ತುಂಬದಿದ್ದರೂ ಸರಿ.

ಊಟಕ್ಕೆ ಬಿಸಿ ರೊಟ್ಟಿ, ಪುಂಡಿಪಲ್ಲೆ, ಹಸಿ ಉಳ್ಳಾಗಡ್ಡಿ, ಅತ್ತೆಗೆ ಹಾಲಿನಲ್ಲಿ ನೆನೆಸಿದ ರೊಟ್ಟಿ. ಇವರು ಒಂದೇ ತಿಂದು ಎದ್ದರು. ಅತ್ತೆ ಇನ್ನೊಂದು ಅರ್ಧ ಹಾಕು ಎಂದು ಕೇಳಿ ಹಾಕಿಸಿಕೊಂಡರು. ದಿನಾಲೂ ತಲೆ ನೆಲಕ್ಕೆ ತಾಗುವುದೇ ತಡ ನಿದ್ದೆ ಹೋಗುವವರು ಇವರು. ಇವತ್ತು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾರೆ, ಉಸಿರು ಎಚ್ಚರದ್ದು. ಮೊದಲು ನಿದ್ದೆ ಹೋದದ್ದು ಅತ್ತೆ.